ಒಲೆಯ ಹಿಂದಿನ ಗೋಡೆಗೆ ಟೈಲ್ಸ್ ಮತ್ತು ಗ್ರೌಟ್
ಅಡುಗೆಕಟ್ಟೆಗೂ ಮೇಲಿನ ಕಪಾಟಿಗೂ ನಡುವೆ ಸಾಮಾನ್ಯವಾಗಿ 18 ಅಂಗುಲದಷ್ಟು ಗೋಡೆ ಮಾತ್ರ ಉಳಿಯುವುದರಿಂದ, ಟೈಲ್ಸ್ ಮೆಚ್ಚಿಕೊಳ್ಳುವ ಮೊದಲು ಆ ಎತ್ತರದಲ್ಲಿ ಎಷ್ಟು ಸಾಲು ಕೂರುತ್ತವೆ ಎಂದು ಲೆಕ್ಕ ಹಾಕುವುದು ಒಳ್ಳೆಯದು. 3×6 ಅಂಗುಲದ ಟೈಲ್ಸ್ ಅಡ್ಡಲಾಗಿ ಆರು ಸಾಲು ಬರುತ್ತವೆ; ಸಂದುಗಳ ಅಗಲವೂ ಸೇರುವುದರಿಂದ ಒಂದು ಸಾಲನ್ನು ತುಸು ಕತ್ತರಿಸಬೇಕಾದೀತು, ಆ ಅಂಚು ಕಪಾಟಿನ ಅಡಿಯಲ್ಲಿ ಮರೆಯಾಗಿರಲಿ.

ಟೈಲ್ಸ್ ನಡುವಿನ ಸಂದು ತುಂಬುವ ಗ್ರೌಟ್ ವಿಷಯದಲ್ಲಿ ನನ್ನ ಒಲವು ತಿಳಿಬೂದು ಬಣ್ಣದ ಕಡೆಗೆ. ಬಿಳಿ ಟೈಲ್ಸ್‌ಗೆ ಬಿಳಿ ಗ್ರೌಟ್ ಹಾಕಿದರೆ ಗೋಡೆ ಅಖಂಡವಾಗಿ ಕಾಣುವುದು ನಿಜವಾದರೂ, ಒಲೆಯ ಹಿಂದೆ ಸಿಮೆಂಟ್ ಗ್ರೌಟ್ ಎಣ್ಣೆ ಹೀರಿಕೊಂಡು ಹಳದಿಗಟ್ಟುತ್ತದೆ. ಕಡುಬಣ್ಣವಾದರೋ ಸಂದಿನ ಓರೆಕೋರೆಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಹಸಿ ಗ್ರೌಟ್ ಒಣಗಿದ ಮೇಲೆ ತಿಳಿಯಾಗುವುದರಿಂದ, ಟೈಲ್ಸ್‌ನ ಎರಡು ತುಂಡುಗಳ ನಡುವೆ ತುಂಬಿ ಒಣಗಿಸಿ, ಅಡುಗೆಮನೆಯ ಬೆಳಕಿನಲ್ಲಿಯೇ ನೋಡಿ ತೀರ್ಮಾನಿಸಬೇಕು.