ಮುಷ್ಟಿಯೋ ಅಂಗೈಯೋ

27 ಜನವರಿ 2024, ಶನಿವಾರ

ಮಂಗಳವಾರವೇ ಸೋತು ಕೂತಿದ್ದೇನೆ. ಮುಂದಿನ ವಾರದ ಟೆನಿಸ್ ಟೂರ್ನಿಯೂ ಇದೇ ಅಂಗಳದಲ್ಲಿ, ಹಾಗಾಗಿ ಎಲ್ಲೂ ಹೋಗುವ ಹಾಗಿಲ್ಲ. ದಿನಕ್ಕೆ ಒಂದು ಗಂಟೆ ಕೋರ್ಟ್ ಸಿಕ್ಕಿದರೆ ಪುಣ್ಯ.

ಆ ಕೊನೆಯ ಪಾಯಿಂಟ್ ಇನ್ನೂ ತಲೆಯಿಂದ ಹೋಗಿಲ್ಲ. ತಲಾ ಒಂದು ಸೆಟ್ ಆಗಿತ್ತು. ಡಬಲ್ಸ್‌ನಲ್ಲಿ ಮೂರನೇ ಸೆಟ್ ಬದಲು ಹತ್ತು ಪಾಯಿಂಟಿನ ಟೈಬ್ರೇಕ್. ಅದರಲ್ಲಿ 8-9, ಸರ್ವ್ ನನ್ನದು. ನೆಟ್ ಹತ್ತಿರ ಬಗ್ಗಿ ನಿಂತ ಜೊತೆಗಾರ ಬೆನ್ನ ಹಿಂದೆ ಕೈ ತೋರಿಸಿದ. ಮುಷ್ಟಿಯಾದರೆ ಇದ್ದಲ್ಲೇ ಇರುತ್ತಾನೆ, ಅಂಗೈ ಬಿಚ್ಚಿದರೆ ಎಡಕ್ಕೆ ಹಾರುತ್ತಾನೆ. ನನಗೆ ಕಂಡದ್ದು ಅಂಗೈ. ಸರ್ವ್ ಹಾಕಿ ಬಲಕ್ಕೆ ಓಡಿದೆ. ಅವನು ಕದಲಲೇ ಇಲ್ಲ. ಇಬ್ಬರೂ ಒಂದೇ ಕಡೆ! ಖಾಲಿ ಬಿದ್ದ ಎಡ ಅರ್ಧಕ್ಕೆ ಎದುರಾಳಿ ಅವಸರವೇ ಇಲ್ಲದೆ ಚೆಂಡು ತಳ್ಳಿದ. ಮುಷ್ಟಿ ತೋರಿಸಿದ್ದೆ ಅಂತ ಇವನ ವಾದ. ರಾತ್ರಿ ಮೆಸೇಜು: ಮುಂದಿನ ವಾರಕ್ಕೆ ಬೇರೆಯವರು ಸಿಕ್ಕಿದ್ದಾರಂತೆ.

ಸಿಂಗಲ್ಸ್‌ನಲ್ಲಿ ಸೋತರೆ ಸೋಲಷ್ಟೇ. ಇಲ್ಲಿ ಸೋತರೆ ಮತ್ತೆ ಜೋಡಿ ಹುಡುಕಬೇಕು. ಜಾಗ ಇರುವುದು ಹದಿನಾರು ಜೋಡಿಗೆ. ಇಬ್ಬರ ರ‍್ಯಾಂಕ್ ಕೂಡಿಸಿ ಮೊತ್ತ ಕಡಿಮೆ ಬಂದವರಿಗೆ ಮೊದಲ ಪಾಳಿ. ನನ್ನಂಥ ಮುನ್ನೂರರಾಚೆಯವನನ್ನು ಕಟ್ಟಿಕೊಂಡರೆ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಸಿಂಗಲ್ಸ್ ರ‍್ಯಾಂಕ್ ಚೆನ್ನಾಗಿದ್ದವರು ಅದನ್ನೇ ತೋರಿಸಿ ನುಗ್ಗುತ್ತಾರೆ, ಸಿಂಗಲ್ಸ್‌ನಲ್ಲಿ ಮುಂದೆ ಹೋದರೆ ಡಬಲ್ಸನ್ನು ಕೈಬಿಟ್ಟೂ ಬಿಡುತ್ತಾರೆ. ಹೊಟ್ಟೆಕಿಚ್ಚು ಅನ್ನಿ, ಪರವಾಗಿಲ್ಲ. ಗೆದ್ದರೆ ರ‍್ಯಾಂಕಿಂಗ್ ಪಾಯಿಂಟ್ ಇಬ್ಬರಿಗೂ ಪೂರ್ತಿ, ಹಣ ಮಾತ್ರ ಅರ್ಧರ್ಧ. ಆ ಪಾಯಿಂಟೂ 52 ವಾರ ಕಳೆದರೆ ಉದುರಿಹೋಗುತ್ತದೆ. ಹೋದ ವರ್ಷದ ಒಂದು ಸೆಮಿಫೈನಲ್ ಇನ್ನು ಮೂರು ವಾರಕ್ಕೆ ಉದುರಲಿದೆ.

ಇವತ್ತು ಫೋನಿನಲ್ಲಿ ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲ್ ನೋಡಿದೆ. ಬೋಪಣ್ಣ-ಎಬ್ಡೆನ್ ಜೋಡಿ ಗೆದ್ದಿತು, 7-6, 7-5. ಬೋಪಣ್ಣನವರಿಗೆ 43 ವರ್ಷ, ಪುರುಷರ ಡಬಲ್ಸ್‌ನಲ್ಲಿ ಮೊದಲ ಗ್ರ್ಯಾಂಡ್‌ಸ್ಲಾಮ್, ಸೋಮವಾರದಿಂದ ನಂಬರ್ ಒನ್. ಎಲ್ಲರೂ ವಯಸ್ಸಿನ ಮಾತೇ ಆಡುತ್ತಿದ್ದರು. ನಾನು ನೋಡುತ್ತಿದ್ದದ್ದು ಎಬ್ಡೆನ್ ಬೆನ್ನ ಹಿಂದಿನ ಕೈಯನ್ನು.

ಸಂಜೆ ಏಳು ಜನಕ್ಕೆ ಮೆಸೇಜು ಹಾಕಿದೆ. ಇಬ್ಬರು ಓದಿ ಸುಮ್ಮನಾದರು. ಒಬ್ಬ ಉತ್ತರಿಸಿದ, ಮುಖಪರಿಚಯವೂ ಇಲ್ಲ: ‘ಎಡಗಡೆ ಆಡ್ತೀಯೋ, ಬಲಗಡೆನೋ? ನಾನು ಎಡ ಬಿಟ್ಟು ಆಡಲ್ಲ.’

ಆರು ವರ್ಷದಿಂದ ನಾನು ಕೋರ್ಟಿನ ಎಡಗಡೆಯವನೇ.

‘ಬಲಗಡೆನೇ’ ಅಂತ ಬರೆದೆ.