ಹಲ್ಲು ಕಿಸಿಯುವುದು ಮತ್ತು ಕಿಸಕ್ಕನೆ ನಗುವುದು

ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ನಾನು ಮೇಲ್ವಿಚಾರಕ. ತೊಗರಿಯ ಸಿಪ್ಪೆಯನ್ನು ರೋಲರಿನಲ್ಲಿ ಗೀರಿಸಿ, ಎಣ್ಣೆ ಹಚ್ಚಿ, ರಾಶಿಯಲ್ಲಿ ನೆನೆಯಲು ಬಿಟ್ಟು, ಆಮೇಲೆ ಅಂಗಳದಲ್ಲಿ ಒಣಗಿಸುತ್ತೇವೆ. ಎಣ್ಣೆ ಹಚ್ಚಿದ ರಾಶಿಯೂ ಹಚ್ಚದ ರಾಶಿಯೂ ಕಲೆತರೆ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ನುಚ್ಚು ಹೆಚ್ಚಾಗುತ್ತದೆ.

ಕಳೆದ ಹಂಗಾಮಿನಲ್ಲಿ ಸೇಡಂ ಕಡೆಯಿಂದ, ಮನೆಯಲ್ಲಿ ತೆಲುಗು ಆಡುವ ಒಬ್ಬ ಹೆಣ್ಣುಮಗಳು ಕೆಲಸಕ್ಕೆ ಸೇರಿದಳು. ರಾಶಿಗಳ ಗುರುತನ್ನು ನಾನು ವಿವರಿಸುತ್ತಿರುವಾಗ ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. “ಯಾಕ ಹಲ್ಲ ಕಿಸೀಲತ್ತಿ?” ಎಂದು ಎಲ್ಲರೆದುರು ಗದರಿದೆ. ಮರುದಿನ ಆಕೆ ಎರಡೂ ರಾಶಿಗಳನ್ನು ಕೂಡಿಸಿಬಿಟ್ಟಿದ್ದಳು. ನಾನು ಮತ್ತೆ ಬಾಯಿ ತೆರೆಯುವ ಮೊದಲೇ ಹಿರಿಯ ಕೆಲಸಗಾರ್ತಿಯೊಬ್ಬರು ತಡೆದರು: “ಆಕಿ ಹಲ್ಲ ಕಿಸದಿಲ್ಲ, ಸಾಹೇಬ್ರ. ನಿಮ್ಮ ಮಾತ ತಿಳೀಲಾರ್ದಕ್ಕ ನಾಚಿ ನಕ್ಕಾಳ. ಬೈದ ಮ್ಯಾಲ ಕೇಳ್ಲಾಕ ಅಂಜ್ಯಾಳ.”

ಆ ರಾತ್ರಿ ನನ್ನನ್ನು ಕಾಡಿದ್ದು ನಾನಾಡಿದ ಆ ಮಾತೇ. ಕಿಸಿ ಎಂದರೆ ಅಗಲಿಸು. ಕಾಲು ಕಿಸಿದು ನಿಲ್ಲುವುದು ಎನ್ನುವಾಗಲೂ ಅದೇ ಅರ್ಥ. ತುಟಿ ಅಗಲಿಸಿ, ಹಲ್ಲು ತೋರಿಸಿ, ಹೊತ್ತುಗೊತ್ತಿಲ್ಲದೆ ನಗುವುದು ಹಲ್ಲು ಕಿಸಿಯುವುದು. ಅದನ್ನು ಬಳಸುವವರು ನಗುವನ್ನು ವರ್ಣಿಸುತ್ತಿರುವುದಿಲ್ಲ, ನಕ್ಕವರ ಮೇಲೆ ತಪ್ಪು ಹೊರಿಸುತ್ತಿರುತ್ತಾರೆ. ಕಿಸಕ್ಕನೆ ಎಂಬುದಾದರೋ ಬರಿಯ ಅನುಕರಣಾವ್ಯಯ, ತಡೆದರೂ ತಡೆಯದೆ ಹೊರಬಿದ್ದ ನಗುವಿನ ಸದ್ದು. ಅದರಲ್ಲಿ ಯಾರ ತಪ್ಪೂ ಇಲ್ಲ. ಆಕೆಯ ಬಾಯಿ ಸೆರಗಿನ ಹಿಂದಿತ್ತು. ನಾನು ಒಂದು ಹಲ್ಲನ್ನೂ ಕಂಡಿರಲಿಲ್ಲ.

ನಮ್ಮ ಭಾಗದಲ್ಲಿ ಕಿವಿಗೆ ಬೀಳುವ ಬೇರೆ ನುಡಿಗಳಲ್ಲೂ ಈ ಬೈಗುಳ ಹಲ್ಲನ್ನೇ ಹಿಡಿದಿದೆ. ಉರ್ದುವಿನಲ್ಲಿ ದಾಂತ್ ನಿಕಾಲ್‌ನಾ, ಮರಾಠಿಯಲ್ಲಿ ದಾತ್ ಕಾಢಣೇ, ತೆಲುಗಿನಲ್ಲಿ ಪಳ್ಳು ಇಕಿಲಿಂಚು. ಹೀಗಾಗಿ ನನ್ನ ಕೆಲಸದ ಮಾತು ಆಕೆಗೆ ತಿಳಿಯದಿದ್ದರೂ ಬೈಗುಳ ಮಾತ್ರ ಪೂರ್ತಿ ತಿಳಿದಿರಬೇಕು. ಇದು ನನಗೆ ಈಗಲೂ ನೋವಿನ ಸಂಗತಿ.

ಈಗ ಹೊಸಬರು ಯಾರಾದರೂ ನಕ್ಕರೆ, “ಯಾವ ಮಾತ ತಿಳೀಲಿಲ್ಲ, ತಂಗಿ?” ಎಂದು ಕೇಳುತ್ತೇನೆ. ಮೊನ್ನೆ ಕಾಳು ಎಷ್ಟು ಒಣಗಿರಬೇಕೆಂದು ಹೇಳುತ್ತಿದ್ದಾಗ ಆಕೆ ಮತ್ತೆ ಕಿಸಕ್ಕನೆ ನಕ್ಕಳು. ನಾನು ಮಾತು ನಿಲ್ಲಿಸಿ, ಅಂಗಳದಿಂದ ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಚ್ಚಿ ಕಟ್ಟೆನ್ನಿಸಿ ತೋರಿಸಿದೆ. ಆಕೆಯೂ ಒಂದನ್ನು ಬಾಯಿಗೆ ಹಾಕಿಕೊಂಡು ಕಚ್ಚಿ, ಇನ್ನೂ ಮೆತ್ತಗಿದೆ ಎಂದು ತಲೆಯಾಡಿಸಿದಳು.