ಬೆಂಗಳೂರು–ಮಂಗಳೂರು: ಒಂದು ಗಂಟೆಯ ವಿಮಾನ, ಅರ್ಧ ದಿನದ ಪಯಣ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ನೇರ ಗೆರೆ ಎಳೆದು ಅಳೆದರೆ ದೂರ ಸುಮಾರು 300 ಕಿಲೋಮೀಟರ್. ಗಂಟೆಗೆ 800 ಕಿಲೋಮೀಟರ್ ವೇಗದ ಜೆಟ್ ವಿಮಾನಕ್ಕೆ ಇದು ಇಪ್ಪತ್ತೈದು ನಿಮಿಷದ ದಾರಿಯೂ ಆಗಬಾರದು. ಆದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆ ಅಥವಾ ಅದಕ್ಕೂ ತುಸು ಹೆಚ್ಚು ಎಂದೇ ಇರುತ್ತದೆ. ಏಕೆಂದರೆ ವಿಮಾನವು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಹಿಡಿದು, ರನ್‌ವೇಗಾಗಿ ಸಾಲಿನಲ್ಲಿ ಕಾದು, ಹಾರಿ, ಇಳಿದು, ಇನ್ನೊಂದು ತುದಿಯಲ್ಲಿ ನಿಲ್ಲುವವರೆಗಿನ ಸಮಯವನ್ನೆಲ್ಲ ಸಂಸ್ಥೆಗಳು ಲೆಕ್ಕಕ್ಕೆ ಹಿಡಿಯುತ್ತವೆ. ಆಕಾಶದಲ್ಲಿರುವುದು ಮುಕ್ಕಾಲು ಗಂಟೆ ಮಾತ್ರ, ಅದರಲ್ಲಿಯೂ ಬಹುಪಾಲು ಏರುವುದಕ್ಕೆ ಮತ್ತು ಇಳಿಯುವುದಕ್ಕೆ ಹೋಗುತ್ತದೆ. ಹೀಗಾಗಿಯೇ ಗಂಟೆಗೆ 500 ಕಿಲೋಮೀಟರ್ ಆಸುಪಾಸಿನಲ್ಲಿ ಹಾರುವ, ರೆಕ್ಕೆಗಳಲ್ಲಿ ಫ್ಯಾನು ತಿರುಗುವ ಎಟಿಆರ್ ವಿಮಾನವೂ ಈ ಮಾರ್ಗದಲ್ಲಿ ಜೆಟ್‌ಗಿಂತ ಬಹಳ ಹಿಂದೆ ಬೀಳುವುದಿಲ್ಲ.

ನನ್ನ ತಕರಾರು ಇರುವುದು ನೆಲದ ಮೇಲಿನ ಸಮಯದ ಬಗ್ಗೆ. 2008ರವರೆಗೆ ಊರೊಳಗಿನ ಎಚ್‌ಎಎಲ್ ನಿಲ್ದಾಣದಿಂದ ವಿಮಾನ ಹಿಡಿಯುತ್ತಿದ್ದೆವು. ಈಗ ಜಯನಗರದವರು ಪಶ್ಚಿಮದ ಮಂಗಳೂರಿಗೆ ಹೋಗಲು ಮೊದಲು ಇಡೀ ಬೆಂಗಳೂರನ್ನು ದಾಟಿ ಉತ್ತರದ ದೇವನಹಳ್ಳಿಯತ್ತ ನಲವತ್ತು ಕಿಲೋಮೀಟರ್ ಸಾಗಬೇಕು. ಹೆಬ್ಬಾಳದ ದಟ್ಟಣೆ, ಭದ್ರತಾ ತಪಾಸಣೆ, ಬಜ್ಪೆಯ ಗುಡ್ಡದಿಂದ ಹಂಪನಕಟ್ಟೆಗೆ ಇಳಿಯುವ ಟ್ಯಾಕ್ಸಿ, ಇವನ್ನೆಲ್ಲ ಕೂಡಿಸಿದರೆ ಮನೆಯಿಂದ ಮನೆಗೆ ಐದು ಗಂಟೆ ಸಲೀಸಾಗಿ ಆಗುತ್ತದೆ. ಶಿರಾಡಿ ಘಾಟಿಯ ಮೂಲಕ ಸುಮಾರು 350 ಕಿಲೋಮೀಟರ್ ಓಡುವ ರಾತ್ರಿ ಬಸ್ಸಿಗೆ ಏಳೆಂಟು ಗಂಟೆ ಬೇಕು, ಆದರೆ ಆ ಹೊತ್ತು ನಿದ್ದೆಯ ಹೊತ್ತು. ಹಗಲಿನ ಒಂದು ಗಂಟೆಯೂ ಖರ್ಚಾಗದ ಆ ಪ್ರಯಾಣವೇ ನನ್ನ ಮಟ್ಟಿಗೆ ಹೆಚ್ಚು ವೇಗದ್ದು.

ರೈಲಿನದು ಬೇರೆಯೇ ಲೆಕ್ಕ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್‌ನಲ್ಲಿ 57 ಸುರಂಗಗಳಿವೆ, ಐವತ್ತು ಅಡಿಗೆ ಒಂದು ಅಡಿಯ ಇಳಿಜಾರಿದೆ. ಇಷ್ಟೇ ದೂರಕ್ಕೆ ರೈಲು ಎರಡು ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಹಗಲು ರೈಲಿನ ಕಿಟಕಿ ಸಿಕ್ಕರೆ ಆ ನಿಧಾನದ ಬಗ್ಗೆ ಯಾರೂ ದೂರುವುದಿಲ್ಲ.

ಇಷ್ಟಾಗಿಯೂ ಜುಲೈ ತಿಂಗಳಲ್ಲಿ ನಾನು ಬಸ್ಸಿನ ಪರ ವಾದಿಸಲಾರೆ. ಗುಡ್ಡ ಕುಸಿದು ಶಿರಾಡಿ ಮುಚ್ಚಿದರೆ ಬಸ್ಸುಗಳು ಚಾರ್ಮಾಡಿಯನ್ನೋ ಮಡಿಕೇರಿ–ಸಂಪಾಜೆಯ ದಾರಿಯನ್ನೋ ಸುತ್ತಬೇಕು, ಕೆಲವೊಮ್ಮೆ ಅವೂ ತೆರೆದಿರುವುದಿಲ್ಲ. ಅಂಥ ವಾರಗಳಲ್ಲಿ ವಿಮಾನದ ಟಿಕೆಟ್ ದುಬಾರಿಯಾದರೂ ಅದಕ್ಕೆ ಬೆಲೆಯಿದೆ. ಮೋಡ ಕವಿದು ಬಜ್ಪೆಯ ರನ್‌ವೇ ಕಾಣದೆ ವಿಮಾನ ಬೇರೆ ಊರಿಗೆ ತಿರುಗಿದರೆ ಮಾತ್ರ ಯಾವ ವೇಳಾಪಟ್ಟಿಯೂ ನೆರವಿಗೆ ಬರುವುದಿಲ್ಲ.